ಸತ್ತ ಹೆಪ್ಪು

ಹಾ ಲೆಪೋಲೆ, ಮೊಖೊಟ್ಲಾಂಗ್
19 ಆಗಸ್ಟ್ 1987

ಪ್ರೀತಿಯ ಲಿಕೇಲೆಲಿ,

ಹೇಗಿದ್ದೀಯೆ ಗೆಳತಿ? ಮೊಣಕಾಲು ನೋವು ಕಡಿಮೆಯಾಯಿತೆ? ವೆಲ್ಕಮ್ ಪಟ್ಟಣದ ಆ ದೊಡ್ಡ ಮನೆಯ ಯಜಮಾನಿ ಈಗಲೂ ನಿನ್ನ ಕೈಲೇ ನೆಲ ಉಜ್ಜಿಸುತ್ತಾಳೋ? ನಿನ್ನ ಎರಡು ಪತ್ರ ಬಂದು ಕೂತಿವೆ, ಉತ್ತರ ಹಾಕಲಿಲ್ಲ. ಕಣಿವೆಯಲ್ಲಿ ಹಿಮ ಬಿದ್ದು ಬಸ್ಸಿರಲಿಲ್ಲ ಎಂದು ನೆಪ ಹೇಳಬಹುದು. ಆದರೆ ಬಸ್ಸು ಶುರುವಾಗಿ ಹತ್ತು ದಿನವಾಯಿತು. ತಡವಾದದ್ದು ನನ್ನಿಂದಲೇ.

ನಮ್ಮ ಮೋಸಾ ಏಳನೇ ತರಗತಿ ಮುಗಿಸುತ್ತಿದ್ದಾಳೆ, ನನಗಿಂತ ಗಿಡ್ಡ ಎಂದು ಈಗ ಯಾರೂ ಅನ್ನುವಂತಿಲ್ಲ. ಅವಳಪ್ಪ ಗಣಿಯಿಂದ ರಜೆ ಹಾಕಿ ಬಂದಿದ್ದಾನೆ. ಅತ್ತೆ ತೀರಿಕೊಂಡು ವರ್ಷವಾಯಿತಲ್ಲ, ಸಮಾಧಿಗೆ ಕಲ್ಲು ನಿಲ್ಲಿಸಿ ಊರಿಗೆ ಊಟ ಹಾಕಿದೆವು. ಕುರಿ ಎರಡು, ಎತ್ತು ಒಂದು. ಮತ್ತೆ ಬಿಯರ್. ಅದನ್ನು ಮಾಡಿದವಳು ನಾನು!

ಹೌದು ಕಣೆ, ನಾನೇ. ನನ್ನ ಓರಗಿತ್ತಿ ಮಾತೇಬೋಹೊ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಊಟಕ್ಕೆ ಆರೇ ದಿನ. ಮಾವನ ತಂಗಿ, ಆ ಗಂಟುಮುಖದ ಮಾಪುಲಾನೆ, ಬಾಗಿಲಲ್ಲೇ ನಿಂತು, "ಬೇರೆ ಯಾರೂ ಸಿಗ್ಲಿಲ್ಲ, ಅದಕ್ಕೆ ಬಂದೆ. ನಿನ್ನ ತಣ್ಣಗಿನ ಕೈ ಈ ಸಲನಾದ್ರೂ ನೆಟ್ಟಗಿರ್ಲಿ" ಅಂದಳು. ಮರ್ಯಾದೆ ಕೊಟ್ಟು ಕರೆಯುವುದನ್ನು ಅವಳಿಂದಲೇ ಕಲಿಯಬೇಕು.

ನೀನು, ನಾನು, ಮಾತೇಬೋಹೊ ಮೂವರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಮುದುಕಿ ಮಾಖಾಲೆಮಾಳ ಅಂಗಳದಲ್ಲಿ ಒಟ್ಟಿಗೆ ಬಿಯರ್ ಕಲಿತೆವು. ನೀನು ಮೊದಲ ಸಲ ಜೋಳವನ್ನು ಮೊಳಕೆ ಬರಿಸಲು ಹಾಕಿ ಮರೆತು, ಕೋಳಿಗಳಿಗೆಲ್ಲ ಹಬ್ಬವಾಗಿತ್ತು. ಮುದುಕಿ ತನ್ನ ಮಡಕೆಯ ಹೆಪ್ಪನ್ನು ಮೂರು ಪಾಲು ಮಾಡಿ ಕೊಟ್ಟು, "ಒಬ್ಬಳದ್ದು ಕೆಟ್ರೆ ಇನ್ನೊಬ್ಬಳು ಕೊಡ್ಬೇಕು. ಗೆಳತಿ ಕೊಟ್ಟ ಹೆಪ್ಪಿಗೆ ಮೂಗು ಹಚ್ಚಿ ನೋಡ್ಬೇಡ್ರೇ, ಅದು ಅವಳ ಮುಖಕ್ಕೆ ಉಗಿದ ಹಾಗೆ" ಅಂದಿದ್ದಳು. ನಾನು ಆ ಮಾತನ್ನು ಮೀರಿದವಳಲ್ಲ.

ಅದಕ್ಕೇ ಹನ್ನೊಂದು ವರ್ಷದ ಹಿಂದೆ, ತೀರಿಹೋದ ಹಿರಿಯರ ಊಟಕ್ಕೆಂದು ಅತ್ತೆ ನಮ್ಮ ಮನೆಯ ದೊಡ್ಡ ಬಿಯರ್ ಮಡಕೆಯನ್ನು ನನಗೆ ವಹಿಸಿದಾಗ, ಮಾತೇಬೋಹೊ ಕಳಿಸಿದ ಹೆಪ್ಪನ್ನು ಮೂಸದೆ ಸುರಿದೆ. ನನ್ನ ಹೆಪ್ಪು ಚಳಿಗೆ ಕೆಟ್ಟಿತ್ತು. ಎರಡು ದಿನ ಕಂಬಳಿ ಸುತ್ತಿ ಕಾದೆ. ಒಂದು ಗುಳ್ಳೆ ಏಳಲಿಲ್ಲ. ಮಾಡಿದವಳೇ ಮೊದಲು ಕುಡಿಯಬೇಕಲ್ಲ, ನೆರೆದವರ ಎದುರು ಬಾಯಿಗಿಟ್ಟರೆ ಸಪ್ಪೆ ಗಂಜಿ. "ಹಿರಿಯರು ಇವಳ ಕೈ ಒಪ್ಪಲಿಲ್ಲ" ಅಂದುಬಿಟ್ಟರು. ಮಡಕೆ ಮಾತೇಬೋಹೊ ಪಾಲಾಯಿತು. ಅಂದಿನಿಂದ ಊಟವಿದ್ದಾಗಲೆಲ್ಲ ನಾನು ನೀರು ಹೊರುವವಳು. ಅತ್ತೆ ಬೈಯಲಿಲ್ಲ, ನನ್ನ ಕೈಯನ್ನೊಮ್ಮೆ ಹಿಡಿದು ನೋಡಿ ಬಿಟ್ಟರು. ಬೈದಿದ್ದರೆ ವಾಸಿಯಿತ್ತು.

ಈ ಸಲ ಯಾರ ಮನೆಗೂ ಹೋಗಲಿಲ್ಲ. ಜೋಳದ ಹಿಟ್ಟು ಕಲಸಿ ಒಲೆಯ ಹಿಂದಿಟ್ಟು, ನಾನೇ ಹೆಪ್ಪು ಹುಳಿ ಬರಿಸಿಕೊಂಡೆ. ಸುರಿದ ಮರುದಿನ ಬೆಳಿಗ್ಗೆ ಮಡಕೆ ಗುರುಗುಟ್ಟುತ್ತಿತ್ತು. ನೊರೆ ಉಕ್ಕಿ ಮುಚ್ಚಳ ಜಾರಿ ಬಿದ್ದಿತ್ತು! ಮೋಸಾ ಓಡಿ ಬಂದು "ಅಮ್ಮ, ಯಾಕೆ ಅಳ್ತಿದ್ದೀ?" ಅಂದಳು. ಹೊಗೆ ಕಣೆ ಅಂದೆ.

ಜನ ಎರಡೆರಡು ಸಲ ಡಬ್ಬ ಚಾಚಿದರು. ಮಾಪುಲಾನೆ ಮೂರನೆಯದನ್ನು ಮುಗಿಸಿ, "ಇಷ್ಟು ದಿನ ಈ ಕೈ ಎಲ್ಲಿ ಬಚ್ಚಿಟ್ಟಿದ್ದೆಯೇ ಹುಡುಗಿ?" ಅಂದಳು. ಆಗ ಮೂಲೆಯಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಮಾತೇಬೋಹೊ ಅಳಲು ಶುರುಮಾಡಿದಳು. ಎಲ್ಲರೂ ಕುಡಿದದ್ದು ಹೆಚ್ಚಾಯಿತು ಅಂದುಕೊಂಡರು. ನನಗೆ ಹಾಗನ್ನಿಸಲಿಲ್ಲ.

ಮರುದಿನ ಹೋಗಿ ಅವಳ ಎದುರು ಕೂತೆ. "ಅವತ್ತು ನಿನಗೆ ಕಳಿಸಿದ ಹೆಪ್ಪಿಗೆ ಬಿಸಿನೀರು ಹಾಕಿದ್ದೆ. ಕುದಿಯೋ ನೀರು. ಹಿರಿಯ ಸೊಸೆ ನಾನಿರುವಾಗ ಮಡಕೆ ನಿನಗೆ ಕೊಟ್ಟರಲ್ಲ, ಸಂಕಟ ಆಯ್ತು" ಅಂದಳು. ಬಾಯಿಗೆ ಬಂದದ್ದೆಲ್ಲ ಬೈದೆ. ಅವಳ ಕೋಳಿಗಳು ಕೂಡ ಅಂಗಳ ಬಿಟ್ಟು ಹೋದವು. ಅತ್ತೆ ಮಣ್ಣಾದರು ಲಿಕೇಲೆಲಿ. ನನ್ನ ಕೈಯ ಬಿಯರ್ ಒಂದು ಗುಟುಕು ಕುಡಿಯದೆ, ಸೊಸೆಯ ಕೈಯಲ್ಲಿ ದೋಷವಿದೆ ಎಂದು ನಂಬಿಕೊಂಡೇ ಹೋದರು. ಹನ್ನೊಂದು ವರ್ಷ ನಾನೂ ನಂಬಿದ್ದೆ. ಮೋಸಾ ಹುಟ್ಟಿದ ಮೇಲೆ ಇನ್ನೊಂದು ಮಗು ನಿಲ್ಲದಾಗಲೂ ಇದೇ ಕೈಗೆ ಬೈದುಕೊಂಡೆ.

ಮಾತೇಬೋಹೊಗೂ ನನಗೂ ಈಗ ಮಾತಿಲ್ಲ. ಆದರೂ ಅವಳ ಮಣಿಕಟ್ಟು ಕೂಡುವ ತನಕ ನೀರು ತಂದಿಡುತ್ತೇನೆ, ಮಕ್ಕಳೇನು ಮಾಡಿದ್ದವು? ಬೈದೆ, ಅವಳು ಬೈಸಿಕೊಂಡಳು, ಅಷ್ಟರಮಟ್ಟಿಗೆ ಎದೆ ಹಗುರವಾಗಿದೆ.

ನಿನ್ನ ಮನೆಗೆ ಶಾಂತಿ, ಮಳೆ, ಸಮೃದ್ಧಿ ಇರಲಿ. ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ.

ನಿನ್ನ,
ಮಾಮೋಸಾ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. ಮಾತೇಬೋಹೊ ಆ ಕುದಿನೀರು ಹೊಯ್ಯುವಾಗ ಹೆಪ್ಪಿನ ಗಡಿಗೆ ಓರೆಮಾಡಿ ಹಿಡಿದಿದ್ದವಳು ನೀನಂತೆ. "ಒಂದ್ಸಲ ಸೋಲ್ಲಿ ಬಿಡು, ಬಾಳ ಹಾರಾಡ್ತಾಳೆ" ಅಂದು ನಕ್ಕೆಯಂತೆ. ಸುಳ್ಳಿರಬಹುದು ಎಂದು ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದು ಓದಿದೆ. ಒಂದೊಂದರಲ್ಲೂ ನನ್ನ ಕೈಗೆ ಒಂದೊಂದು ಮದ್ದು ಬರೆದಿದ್ದೀ: ಕುರಿಕೊಬ್ಬು ತಿಕ್ಕು, ಬೂದಿಯಲ್ಲಿ ತೊಳೆ, ಹಿರಿಯರಲ್ಲಿ ತಪ್ಪೊಪ್ಪಿಕೋ. ಎಲ್ಲವನ್ನೂ ಮಾಡಿದೆ. ಅವಳದ್ದು ಹೊಟ್ಟೆಕಿಚ್ಚು, ನನಗೆ ಅರ್ಥವಾಗುತ್ತದೆ. ನಿನ್ನದಕ್ಕೆ ಹೆಸರು ಸಿಗುತ್ತಿಲ್ಲ. ಉತ್ತರ ಬರೆಯಬೇಡ ಲಿಕೇಲೆಲಿ. ನೀನು ಬರೆದರೆ ನಾನು ನಂಬಿಬಿಡುತ್ತೇನೆ.