ಗುಮಾಸ್ತನ ಕುರ್ಚಿ

೧೪ ಅಕ್ಟೋಬರ್ ೨೦೨೫, ಮಂಗಳವಾರ. ಸೆಲ್ಲಿ ಓಕ್

ಬಸಲಿಂಗಪ್ಪ ಹೋದ ಮೇಲೂ ಅವನ ಮುಗುಳ್ನಗೆ ಮನೆಯಲ್ಲೇ ಉಳಿದಿದೆ.

ಇವತ್ತು ವಿಶ್ವವಿದ್ಯಾಲಯದಲ್ಲಿ ನನ್ನ ಪಾಠ ಸೋವಿಯತ್ ಪಕ್ಷದ ಪ್ರಧಾನ ಕಾರ್ಯದರ್ಶಿ ಹುದ್ದೆಯ ಬಗ್ಗೆ. ೧೯೨೨ರಲ್ಲಿ ಅದು ಬರೀ ಕಡತದ ಕೆಲಸ, ಯಾರನ್ನು ಯಾವ ಊರಿಗೆ ನೇಮಿಸಬೇಕೆಂದು ನೋಡಿಕೊಳ್ಳುವುದು. ಪಂಡಿತ ನಾಯಕರು ಅದನ್ನು ಗುಮಾಸ್ತಿಕೆ ಎಂದುಕೊಂಡರು. ಗುಮಾಸ್ತ ನೇಮಿಸಿದವರೆಲ್ಲ ಸಭೆಯಲ್ಲಿ ಅವನ ಪರ ಕೈ ಎತ್ತಿದಾಗ ಪಂಡಿತರು ಬೀದಿಗೆ ಬಿದ್ದರು. ಆ ಗುಮಾಸ್ತ ಸತ್ತ ಮೇಲೆ ಹುದ್ದೆಯನ್ನು ‘ಮೊದಲ ಕಾರ್ಯದರ್ಶಿ’ ಎಂದು ಕರೆದರು. ೧೯೬೬ರಲ್ಲಿ ಮತ್ತೆ ಹಳೆಯ ಹೆಸರು. ಕುರ್ಚಿ ಮಾತ್ರ ಅದೇ. ಎಂಥ ಪೆದ್ದರು ಆ ಪಂಡಿತರು ಎಂದು ವಿದ್ಯಾರ್ಥಿಗಳೆದುರು ನಕ್ಕೆ.

ಸಂಜೆ ಬಸಲಿಂಗಪ್ಪ ಬಂದ. ಪರದೇಶದ ಈ ಊರಿನ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ. ಹಾಲ್ ಬುಕಿಂಗ್, ಅಡುಗೆಯ ಸರದಿ ಪಟ್ಟಿ, ರಾಜ್ಯೋತ್ಸವಕ್ಕೆ ಯಾರ ಮಗು ಕುಣಿಯಬೇಕು, ಸಮಿತಿಗೆ ಯಾರು ಬರಬೇಕು, ಎಲ್ಲವೂ ಅವನದೇ.

“ಈ ಸಲ ನೀವೇ ಅಧ್ಯಕ್ಷರಾಗ್ರಿ ಸರ್. ಓದಿದವರು ಮುಂದಿರ್ಬೇಕ್ರಿ. ಸಣ್ಣಪುಟ್ಟ ಕೆಲಸ ನಾ ನೋಡ್ಕೋತೀನಿ.”

ಅಡುಗೆಮನೆಯಿಂದ ಹೆಂಡತಿ ಸಂಯುಕ್ತಾ ಕೂಗಿದಳು: “ರೀ, ಬೆಳಗ್ಗೆ ಪಾಠ ಮಾಡಿದ್ದು ಇದನ್ನೇ ಅಲ್ವಾ?”

ಅವನ ವಿನಯ ಕಂಡು ಅಸಹ್ಯವಾಯಿತು. ಬೇಡ ಎನ್ನಲು ಬಾಯಿ ತೆರೆದವನು, ಅಧ್ಯಕ್ಷರಿಗೆ ಭಾಷಣವಿರುತ್ತದೆಯೇ ಎಂದು ಕೇಳಿದೆ.

“ಇರ್ತದ್ರಿ. ಐದು ನಿಮಿಷ.”

“ಹತ್ತು ಮಾಡೋಕಾಗತ್ತಾ?”

“ನೋಡೋಣ್ರಿ,” ಎಂದು ಮುಗುಳ್ನಕ್ಕ.