ಎಡಗಾಲಿನ ಒಂದೇ ಬೂಟು

ಹಳೇ ಅಂಗಡಿಯ ಹಿಂದಿನ ಕೋಣೆ,
ಶನಿವಾರ, ಊಟ ಮುಗಿದ ಮೇಲೆ

ಪ್ರೀತಿಯ ಸೂಜೀ,

ನರ್ಸ್ ಕೆಲಸದಿಂದ ನಿವೃತ್ತಿಯಾಗಿ ಆರು ವರ್ಷವಾದರೂ ನನಗೆ ನೀನು ಸೂಜಿಯೇ. ಬರೀ ತಂಗಿ ಅಂತ ಬರೆದರೆ ಬೇರೆ ಯಾರಿಗೋ ಬರೆದ ಹಾಗಿರುತ್ತೆ. ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಕಣ್ಣಿನ ಪೊರೆ ತೆಗೆಸಿಕೊಂಡೆ ಅಂತ ನಿನ್ನ ಮಗಳು ಹೇಳಿದಳು. ಒಳ್ಳೇದಾಯಿತು, ಇನ್ನು ಅಣ್ಣನ ಅಕ್ಷರ ಕಾಣಿಸಲ್ಲ ಅನ್ನೋ ನೆಪ ನಡೆಯಲ್ಲ. ಡಬ್ಬಿ ತೆಗೆದವಳು ಒಂದೇ ಒಂದು ಬೂಟು ನೋಡಿ ಆಗಲೇ ಬೈದಿರುತ್ತೀಯ. ಬೈದು ಮುಗಿದಿದ್ದರೆ ಮುಂದೆ ಓದು. ಬೂಟಿನೊಳಗೆ ಮಾತ್ರ ಈಗಲೇ ಕೈ ಹಾಕಬೇಡ.

ನಿನ್ನ ಅತ್ತಿಗೆ ಮಂಡಿ ಆಪರೇಷನ್ ಆದಾಗ ಹರಕೆ ಹೊತ್ತಿದ್ದನ್ನು ನಿನ್ನ ಮಗಳಿಂದ ಕೇಳಿರಬೇಕು. ಮತ್ತೆ ನಡೆಯೋ ಹಾಗಾದರೆ ಸಮುದ್ರದ ದಂಡೆ ಹಿಡಿದು ಕೊನೇ ಗುಡಿಯವರೆಗೂ ನಡೆದೇ ಹೋಗ್ತೀನಿ ಅಂದಿದ್ದಳು. ಈಗ ಅವಳು ನಡೆಯೋದಲ್ಲ, ಓಡ್ತಾಳೆ. ನಾನು ಹಿಂದೆ ಏದುಸಿರು ಬಿಡುತ್ತಾ ಉಳೀತೀನಿ. ಇಪ್ಪತ್ತೆರಡು ದಿನದ ದಾರಿ. ಮುಂದಿನ ತಿಂಗಳ ಮೊದಲ ಸೋಮವಾರ ಹೊರಡೋದು ಅಂತ ತೀರ್ಮಾನವಾಗಿದೆ. ಬೂಟಿನ ಡಬ್ಬಿಗಳ ಮುಚ್ಚಳ ಕತ್ತರಿಸಿ, ಒಂದಕ್ಕೊಂದು ಅಂಟಿಸಿ, ಗೋಡೆ ತುಂಬ ದಾರಿಯ ನಕ್ಷೆ ಮಾಡಿದ್ದಾಳೆ. ಮೂರು ಕಡೆ ನದಿ ಸಮುದ್ರ ಸೇರುತ್ತಂತೆ. ಅಲ್ಲೆಲ್ಲ ನೀರು ಇಳಿದಾಗಲೇ ದಾಟಬೇಕು. ಆ ಹೊತ್ತುಗಳನ್ನು ಕೆಂಪು ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ. ಆ ಗೋಡೆ ಮುಂದೆ ನಿಂತಾಗಲೆಲ್ಲ ಅವಳ ಮುಖದಲ್ಲಿ ಉಬ್ಬರ, ನನ್ನ ಎದೆಯಲ್ಲಿ ಇಳಿತ. ಜನ ಕಾಲ ಕೆಟ್ಟುಹೋಯಿತು ಅಂತಾರೆ. ನನ್ನ ಕಾಲ ಚೆನ್ನಾಗೇ ಇದೆ, ಕಾಲಿನ ಮೇಲೆ ಮಾತ್ರ ಅನುಮಾನ.

ವಿಷಯಕ್ಕೆ ಬರ್ತೀನಿ. ನೀನೂ ನಮ್ಮ ಜೊತೆ ನಡೆಯಬೇಕು. ಯಾಕೆ ಅಂದರೆ, ನಿನ್ನ ಅತ್ತಿಗೆ ದಾರಿಯುದ್ದಕ್ಕೂ ಮಾತಾಡ್ತಾಳೆ, ಕೇಳೋಕೆ ನನಗಿರೋದು ಎರಡೇ ಕಿವಿ. ಈ ಕಾರಣ ಸಾಲದಾ? ಹಾಗಾದರೆ ಮೂಟೆ ಹೊರೋಕೆ ಬಾ. ಅದೂ ಬೇಡವಾ? ನೋಡು, ನಿಜ ಬರೆಯೋಕೆ ಕೂತರೆ ಪೆನ್ನೇ ಕಪಿಚೇಷ್ಟೆ ಮಾಡುತ್ತೆ. ನಿನ್ನ ಬೀಳ್ಕೊಡುಗೆ ಸಮಾರಂಭಕ್ಕೆ ಅಂತ ನಾನೇ ಹೊಲಿದುಕೊಟ್ಟ ಬೂಟಿನ ಅಟ್ಟೆಯೊಳಗೆ ಗೊಂಬೆಯ ಪೀಪಿ ಇಟ್ಟೆನಲ್ಲ, ಅದು ಎಲ್ಲರೂ ನಗಲಿ ಅಂತ. ಹೆಜ್ಜೆಗೊಂದು ಕೀಚ್ ಅಂತ ನೀನು ವೇದಿಕೆ ಹತ್ತಿದೆ, ಡಾಕ್ಟರುಗಳೆಲ್ಲ ನಕ್ಕರು, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಳಿಯುವಾಗ ಮಾತ್ರ ನೀನು ಸದ್ದಾಗದಿರಲಿ ಅಂತ ತುದಿಗಾಲಲ್ಲಿ ಇಳಿದೆ. ನನ್ನ ನಗು ಅಲ್ಲೇ ನಿಂತುಹೋಯಿತು. "ಇನ್ನು ನಿನ್ನ ಮನೆಗೆ ಕಾಲಿಟ್ರೆ ಕೇಳು, ನಿನ್ನ ಒಂದು ಮಾತೂ ನಂಬಲ್ಲ" ಅಂದು ಬರಿಗಾಲಲ್ಲಿ ಹೋದೆ. ಆರು ವರ್ಷ ಆ ಎರಡು ಮಾತನ್ನೂ ನೀನು ನಡೆಸಿಕೊಟ್ಟೆ. ತಪ್ಪಾಯಿತು ಕಣೇ. ಇದನ್ನು ಬರೆಯೋಕೆ ಇಷ್ಟು ದಿನ ಬೇಕಾಯಿತು.

ಮೊನ್ನೆ ಗುರುವಾರ ಅಭ್ಯಾಸಕ್ಕೆ ಅಂತ ಇಬ್ಬರೂ ದೀಪಸ್ತಂಭದವರೆಗೆ ನಡೆದು ಬಂದೆವು. ಬಂದವನೇ ನನ್ನ ಕಾಲ್ಚೀಲ ನಾನೇ ಒಗೆದು ಹಾಕಿದೆ. ಅಷ್ಟಕ್ಕೇ ನಿನ್ನ ಅತ್ತಿಗೆಗೆ ಅನುಮಾನ: "ಏನ್ರೀ, ನಲವತ್ತು ವರ್ಷದಲ್ಲಿ ಮೊದಲ್ನೇ ಸಲ ಕಾಲ್ಚೀಲ ಒಗ್ದಿದ್ದೀರಿ, ಏನ್ ಕಿತಾಪತಿ ಮಾಡಿದ್ರಿ?" ಯಾತ್ರೆ ಅಂದರೆ ಸ್ವಾವಲಂಬನೆ ಅಂದೆ. ನಂಬಿದಳೋ ಇಲ್ಲವೋ, ನಕ್ಕಳು. ಅವಳು ಇಷ್ಟು ಖುಷಿಯಾಗಿರೋದನ್ನು ನೋಡಿ ಬಹಳ ದಿನವಾಗಿತ್ತು. ನನಗೆ ಏನಾದರೂ ಆಗಿದೆ ಅಂತ ಗೊತ್ತಾದರೆ ಆ ಗೋಡೆಯ ಮುಚ್ಚಳಗಳನ್ನೆಲ್ಲ ಒಂದೇ ಏಟಿಗೆ ಕಿತ್ತುಹಾಕ್ತಾಳೆ. ಅದಕ್ಕೇ ಹೇಳಿಲ್ಲ. ಈ ಕಾಗದದ ಸುದ್ದಿಯನ್ನೂ ಅವಳ ಹತ್ತಿರ ಎತ್ತಬೇಡ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ನಿನಗೆ ಆಶೀರ್ವಾದ ಮಾಡೋ ಧೈರ್ಯವಿಲ್ಲ, ಬಂದ ಮೇಲೆ ಬೈಸಿಕೊಂಡೇ ಮಾಡ್ತೀನಿ.

ಇಂತಿ ನಿನ್ನ
ತಲೆಹರಟೆ ಅಣ್ಣ

ತಾ.ಕ.: ಪೋಸ್ಟ್ ಆಫೀಸ್ ಮುಚ್ಚೋ ಹೊತ್ತಾಯಿತು, ಬೇಗ ಬರೆದುಬಿಡ್ತೀನಿ. ಬೂಟು ನಿನ್ನದೇ, ನಿನ್ನ ಪಾದದ ಮರದ ಅಚ್ಚು ಇನ್ನೂ ನನ್ನ ಕಪಾಟಿನಲ್ಲಿದೆ. ಬಲಗಾಲಿನದು ನನ್ನ ಹತ್ತಿರ ಇದೆ, ಬಂದು ತಗೋ. ಪೀಪಿ ಇಟ್ಟಿಲ್ಲ, ಬೇಕಾದರೆ ಅಟ್ಟೆ ಬಗ್ಗಿಸಿ ನೋಡು. ಈಗ ಒಳಗೆ ಮೆಲ್ಲಗೆ ಕೈ ಹಾಕು. ಕಾಗದದಲ್ಲಿ ಸುತ್ತಿದ ಒಂದು ಮೊಳೆ ಸಿಗುತ್ತೆ. "ಸಕ್ಕರೆ ಕಾಯಿಲೆ ಇರೋರು ದಿನಾ ಪಾದ ನೋಡ್ಕೋಬೇಕು ಅಣ್ಣಾ" ಅಂತ ನೀನು ಹೇಳುತ್ತಿದ್ದೆ. ಈ ಹೊಟ್ಟೆ ಇಟ್ಟುಕೊಂಡು ಬಗ್ಗಿ ನೋಡೋದು ಹೇಗೆ ಅಂತ ನಾನು ತಮಾಷೆ ಮಾಡುತ್ತಿದ್ದೆ. ಐವತ್ತು ವರ್ಷ ಊರಿನವರ ಬೂಟಿನೊಳಗೆಲ್ಲ ಬೆರಳಾಡಿಸಿ, ಮೊಳೆ ಚುಚ್ಚುತ್ತಾ ಅಂತ ನೋಡಿಯೇ ಕೊಟ್ಟವನು. ಯಾತ್ರೆಗೆ ಹೊಲಿದ ನಿನ್ನ ಅತ್ತಿಗೆಯ ಬೂಟನ್ನೂ ಮೂರು ಸಲ ನೋಡಿದೆ. ನನ್ನದನ್ನು ನೋಡಲಿಲ್ಲ. ಗುರುವಾರ ಕಾಲ್ಚೀಲ ಬಿಚ್ಚಿದಾಗ ಅದೆಲ್ಲ ಕೆಂಪಾಗಿತ್ತು. ಹೊರಡೋ ಸೋಮವಾರಕ್ಕೆ ಮೊದಲೇ ಬಾ, ಪಾದ ನೋಡು, ನೀನು ಬೇಡ ಅಂದರೆ ಯಾತ್ರೆ ಬೇಡ. ಮೂರು ಗಂಟೆ ಆ ಮೊಳೆಯ ಮೇಲೆ ನಡೆದಿದ್ದೇನೆ ಸೂಜೀ, ನನಗೆ ಗೊತ್ತೇ ಆಗಲಿಲ್ಲ.