ಹನ್ನೆರಡೂವರೆಯ ದನಿ

ಮಾರ್ಚ್ 4, ಬೆಳಿಗ್ಗೆ 6

ದನಿ: ಕಪ್ಪೆ. ನಿನ್ನೆಯೂ ಕಪ್ಪೆಯೇ. ಬಿಸಿನೀರು ಕುಡಿದೆ. ಕಪ್ಪೆಗೆ ಸ್ನಾನವಾಯಿತು, ಅಷ್ಟೆ.

ಬೆಳಿಗ್ಗೆ 8

ಅತ್ತೆಯ ಕೆಮ್ಮಿನ ಔಷಧದ ಚೀಟಿ ಗಟ್ಟಿಯಾಗಿ ಓದಿದೆ. ಅತ್ತೆ ವರಾಂಡದ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೇಳಿಸಿದರೆ ಕೈ ಎತ್ತಬೇಕು, ಅದು ಒಪ್ಪಂದ. ಅವರ ಕಿವಿ ಸ್ವಲ್ಪ ಮಂದ. ಅವರಿಗೆ ಕೇಳಿಸಿದರೆ ಇಡೀ ಬಸ್‌ಸ್ಟ್ಯಾಂಡಿಗೇ ಕೇಳಿಸಿದಂತೆ. ಕೈ ಏಳಲಿಲ್ಲ. ಹತ್ತಿರ ಹೋಗಿ ನೋಡಿದರೆ ಗೊರಕೆ.

ಮಾರ್ಚ್ 6

ಇಂಟರ್‌ವ್ಯೂಗೆ ಕರೆದ ಕಾಗದವನ್ನು ಮತ್ತೆ ಓದಿದೆ. ಬಸ್‌ಸ್ಟ್ಯಾಂಡಿನಲ್ಲಿ ಅನೌನ್ಸರ್ ಕೆಲಸ. ಒಂದೇ ಹುದ್ದೆ. ಇಂಟರ್‌ವ್ಯೂ 19ಕ್ಕೆ. ವಯಸ್ಸು ನಲವತ್ತೈದರ ಒಳಗಿರಬೇಕು. ನನಗೆ ಏಪ್ರಿಲ್ 2ಕ್ಕೆ ನಲವತ್ತೈದು ತುಂಬುತ್ತದೆ. ನಾನಿದ್ದ ಬಟ್ಟೆ ಮಿಲ್ಲು ಮುಚ್ಚಿ ಹದಿನಾಲ್ಕು ತಿಂಗಳು. ಇದು ತಪ್ಪಿದರೆ ಇನ್ನು ಅರ್ಜಿ ಹಾಕುವ ಯೋಗ್ಯತೆಯೂ ಇಲ್ಲ.

ಕೊನೆಯ ಸಾಲು: ಹತ್ತರಿಂದ ನಾಲ್ಕರ ಒಳಗೆ ಅನುಕೂಲವಾದ ಸಮಯವನ್ನು ತಾವೇ ಆರಿಸಿ ಫೋನ್ ಮಾಡಿ ತಿಳಿಸಿ. ತಾವಂತೆ! ಜೀವಮಾನದಲ್ಲಿ ಯಾರೂ ನನಗೆ ಸಮಯ ಆರಿಸು ಅಂದಿರಲಿಲ್ಲ. ಇಪ್ಪತ್ತೆರಡು ವರ್ಷ ಸೈರನ್ ಕೂಗಿದಾಗ ಒಳಗೆ, ಸೈರನ್ ಕೂಗಿದಾಗ ಹೊರಗೆ.

ಇವರು ಯಾವುದೋ ಪೇಪರಿನ ತುಂಡು ಹಿಡಿದು ಬಂದರು. "ಹತ್ತೂವರೆನೇ ಬೆಸ್ಟು ಕಣೇ. ಮೊದ್ಲು ಹೋದವರನ್ನ ಮರ್ತುಬಿಡ್ತಾರೆ, ಕೊನೆಗೆ ಹೋದವರ ಹೊತ್ತಿಗೆ ಆಕಳಿಸ್ತಾರೆ."

ಅತ್ತೆ ಒಳಗಿನಿಂದಲೇ, "ಊಟ ಆದ್ಮೇಲೆ ಹೋಗು. ಹಸಿದವರು ಸಿಡುಕ್ತಾರೆ." ಇಂಥದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ.

"ಅಮ್ಮಾ, ಪೇಪರಲ್ಲಿ ಬರೆದಿದ್ದಾರೆ!"

"ಪೇಪರಿನವನು ಊಟ ಮಾಡಲ್ವೇನೋ?"

ಇಬ್ಬರೂ ಕಿತ್ತಾಡಲಿ. ಗಂಟಲು ನನ್ನದು. ಅದನ್ನೇ ಕೇಳುತ್ತೇನೆ.

ಮಾರ್ಚ್ 9

ಐದು ದಿನದ ಲೆಕ್ಕ ಸಿಕ್ಕಿತು. ಬೆಳಿಗ್ಗೆ ಕಪ್ಪೆ. ಹತ್ತಕ್ಕೆ ಪರವಾಗಿಲ್ಲ, ಆದರೆ ಜೋರು ಮಾಡಿದರೆ ಒಡೆಯುತ್ತದೆ. ಹನ್ನೆರಡೂವರೆ — ಅಬ್ಬಾ! ಅತ್ತೆ ಎರಡೂ ಕೈ ಎತ್ತಿದರು. ಪಕ್ಕದ ಮನೆಯ ಟೈಲರ್ ಕಿಟಕಿಯಿಂದ ಇಣುಕಿ, "ದಿನಕ್ಕೆ ಎಷ್ಟು ಸಲ ಕುಡೀಬೇಕು ಅಂದ್ರಿ?" ಅಂದ. ಎರಡರ ಮೇಲೆ ದನಿ ಒದ್ದೆ ಬಟ್ಟೆ, ಕೆಳಗೇ ಜಗ್ಗುತ್ತದೆ. ಮಗ್ಗಗಳ ಸದ್ದಿನ ಮೇಲೆ ಅಷ್ಟು ವರ್ಷ ಕೂಗಿದರೆ ಇನ್ನೇನಾಗುತ್ತದೆ?

ಹನ್ನೆರಡೂವರೆ. ತೀರ್ಮಾನ.

ಮಾರ್ಚ್ 10

ಫೋನ್ ಮಾಡಿದೆ. ಗುಮಾಸ್ತ ಎತ್ತಿದ. ಹಿಂದೆ ಬಸ್ಸಿನ ಗದ್ದಲ. ಸಮಯ ಹೇಳಿದೆ, "ಬರ್ಕೊಂಡೆ ಬರ್ಕೊಂಡೆ" ಅಂದ. ಬೆಣ್ಣೆಯಿಂದ ಕೂದಲು ತೆಗೆದಂತೆ ಆಯಿತು.

ಮಾರ್ಚ್ 19, ಮಧ್ಯಾಹ್ನ 12.40

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಿಟ್ಟಿಗೆ ಪೆನ್ನು ಹಾಳೆಯನ್ನೇ ತೂತು ಮಾಡುತ್ತಿದೆ.

ಹನ್ನೆರಡೂ ಹತ್ತಕ್ಕೇ ಬಂದಿದ್ದೆ. ದನಿ ಗಂಟೆಯಂತಿತ್ತು. ಗುಮಾಸ್ತ ರಿಜಿಸ್ಟರ್ ತೆಗೆದ. "ನಿಮ್ದು ಎರಡೂವರೆಗೆ."

"ನಾನು ಹೇಳಿದ್ದು ಹನ್ನೆರಡೂವರೆ!"

"ಎರಡೂವರೆ ಅಂದ್ರಿ, ಬರ್ಕೊಂಡೆ. ಈಗ ಸಾಹೇಬ್ರು ಊಟಕ್ಕೆ ಎದ್ದಾಯ್ತು."

ನಾಲಿಗೆಯ ತುದಿಗೆ ಏನೇನೋ ಬಂತು. ನುಂಗಿದೆ. ಇವನ ಮೇಲೆ ಕೂಗಿದರೆ ಇರುವ ದನಿಯೂ ಹೋಗುತ್ತದೆ. ಹದಿನೈದು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಇನ್ನು ಎರಡು ಗಂಟೆ ಒಂದು ಮಾತೂ ಆಡುವುದಿಲ್ಲ. ಬರೆಯುತ್ತೇನೆ. ಬರೆದರೆ ಗಂಟಲು ಸವೆಯುವುದಿಲ್ಲ.

1.25

ಸ್ಪೀಕರಿನಲ್ಲಿ ಯಾರೋ ಹೇಳುತ್ತಿದ್ದಾರೆ. ದನಿ ಜೇನುತುಪ್ಪ. ಆದರೆ ಏನೋ ಸರಿಯಿಲ್ಲ. "...ಎರಡನೇ ಪ್ಲಾಟ್‌ಫಾರಂ" ಅಂತ ಶುರು ಮಾಡಿದರು. ಜನ ಎರಡಕ್ಕೆ ಹೋದರು. ಬಸ್ಸು ಬಂದು ನಿಂತಿದ್ದು ಹನ್ನೆರಡರಲ್ಲಿ. ಜನ ಬೈದುಕೊಂಡು ಓಡಿದರು. ಇದು ಎರಡನೆಯ ಸಲ.

1.50

ಹೋಯಿತು. ನನ್ನ ಬಾಯಿ ಸುಮ್ಮನಿದ್ದರೆ ತಾನೆ?

ಮತ್ತೆ ಅದೇ "ಎರಡನೇ". ಒಬ್ಬ ಅಜ್ಜ, ಕೈಯಲ್ಲಿ ಎಕ್ಸ್‌ರೇ ಕವರು, ಎರಡರಲ್ಲಿ ನಿಂತೇ ಇದ್ದಾರೆ. ಅತ್ತ ಹನ್ನೆರಡರಲ್ಲಿ ಬಸ್ಸು ಹಿಂದಕ್ಕೆ ಸರಿಯುತ್ತಿದೆ. ಬೆಂಚಿನ ಮೇಲೆ ಹತ್ತಿ ಮಗ್ಗದ ಶೆಡ್ಡಿನ ದನಿಯಲ್ಲಿ ಕೂಗಿಬಿಟ್ಟೆ: "ಡ್ರೈವರೇ, ನಿಲ್ಸಿ! ಅಜ್ಜಾ, ಹನ್ನೆರಡು! ಹನ್ನೆರಡಕ್ಕೆ ಬನ್ನಿ!" ಬಸ್ಸು ನಿಂತಿತು. ಅಜ್ಜ ಹತ್ತಿದರು. ಕಿಟಕಿಯಿಂದ ಕೈ ಮಾಡಿದರು. ಉತ್ತರ ಕೊಡೋಣವೆಂದರೆ ಬರೀ ಗಾಳಿ ಬಂತು.

ಇನ್ನು ನಲವತ್ತು ನಿಮಿಷ. ಅಳು ಬರುತ್ತಿದೆ. ಅಜ್ಜ ಹತ್ತಿದ್ದಕ್ಕೆ ಖುಷಿಯೂ ಇದೆ, ಸುಳ್ಳೇಕೆ.

ಸಂಜೆ 6, ಮನೆ

ಒಂದನ್ನೂ ಬಿಡದೆ ಬರೆಯಬೇಕು.

ಒಳಗೆ ಮೂವರು. ಮ್ಯಾನೇಜರ್, ಕನ್ನಡಕದ ಮೇಡಂ, ಇನ್ನೊಬ್ಬರು ಬರೀ ತಲೆಯಾಡಿಸುವವರು. ಊಟ ಮುಗಿಸಿ ಬಂದಿದ್ದರು. ಮ್ಯಾನೇಜರ್ ಕಣ್ಣು ಅರ್ಧ ಮುಚ್ಚಿತ್ತು. ನಮಸ್ಕಾರ ಅಂದೆ. ಗೊಗ್ಗರು.

"ಗಂಟಲಿಗೆ ಏನಾಯ್ತಮ್ಮಾ?"

"ನಿಮ್ಮ ಪ್ರಯಾಣಿಕರಿಗೆ ಕೊಟ್ಟುಬಿಟ್ಟೆ ಸಾರ್. ನಿಮ್ಮ ಸ್ಪೀಕರ್ ಹನ್ನೆರಡನ್ನ ಎರಡು ಮಾಡ್ತಿದೆ."

"ಸ್ಪೀಕರ್ ಹೊಸದು ಕಣಮ್ಮಾ."

"ಹೊಸದೇ ಇರ್ಲಿ. ಮೈಕಿನ ಗುಂಡಿ ಒತ್ತೋದಕ್ಕೂ ಬಾಯಿ ತೆಗೆಯೋದಕ್ಕೂ ನಡುವೆ ಬಿಡುವೇ ಇಲ್ಲ. ಮೊದಲ ಮಾತೇ ನಂಬರು, ಅದರ 'ಹನ್' ಅನ್ನೋದು ರೂಮಲ್ಲೇ ಉಳಿಯುತ್ತೆ. 'ಎರಡು' ಹೊರಗೆ ಹೋಗುತ್ತೆ. ನಂಬಲ್ಲ ಅಂದ್ರೆ ನಿಮ್ಮ ರಿಜಿಸ್ಟರ್ ನೋಡಿ. ಫೋನಲ್ಲೂ ಬಸ್ಸಿನ ಗದ್ದಲ 'ಹನ್' ತಿಂದಿದೆ: ನಾನು ಹೇಳಿದ್ದು ಹನ್ನೆರಡೂವರೆ, ಬರ್ಕೊಂಡಿದ್ದು ಎರಡೂವರೆ."

ಬಾಗಿಲ ಹತ್ತಿರ ಗುಮಾಸ್ತ ಕೆಮ್ಮಿದ. ಮ್ಯಾನೇಜರ್ ಕಣ್ಣು ಪೂರ್ತಿ ತೆರೆಯಿತು.

ಮೇಡಂ ಕನ್ನಡಕ ತೆಗೆದರು. "ನೀವಾಗಿದ್ರೆ ಹೇಗೆ ಹೇಳ್ತಿದ್ರಿ?"

"ಮಗ್ಗದ ಶೆಡ್ಡಲ್ಲಿ ಮಾತಿನ ತಲೆ, ಬಾಲ ಎರಡನ್ನೂ ಸದ್ದು ತಿಂದುಬಿಡುತ್ತೆ ಮೇಡಂ. ಹೊಟ್ಟೆ ಮಾತ್ರ ಕಿವಿಗೆ ಸೇರುತ್ತೆ. ಅದಕ್ಕೆ ನಂಬರನ್ನ ಮಾತಿನ ಹೊಟ್ಟೇಲಿಡಬೇಕು."

ಎಲ್ಲಿವರೆಗೆ ಕೇಳಿಸುತ್ತದೋ ನೋಡಲು ಮೇಡಂ ಎದ್ದು ಕೆಳಗೆ ಹೋದರು, ಕೊನೆಯ ಹದಿನಾಲ್ಕನೇ ಪ್ಲಾಟ್‌ಫಾರಂವರೆಗೆ. ಮ್ಯಾನೇಜರ್ ನನ್ನನ್ನು ಮೈಕಿನ ಮುಂದೆ ಕೂರಿಸಿದರು. ಗುಂಡಿ ಒತ್ತಿದೆ. ಒಂದು ಉಸಿರಿನಷ್ಟು ಬಿಡುವು ಕೊಟ್ಟೆ. ಆಮೇಲೆ, ಅದೇ ಹರಿದ ದನಿಯಲ್ಲಿ: "ಗಮನಿಸಿ, ಬೆಟ್ಟದ ಕಡೆ ಹೋಗುವ ಬಸ್ಸು ಪ್ಲಾಟ್‌ಫಾರಂ ಹನ್ನೆರಡರಲ್ಲಿ ನಿಂತಿದೆ, ಬಂದು ಹತ್ತಿಕೊಳ್ಳಿ."

ಮೇಡಂ ಏದುಸಿರು ಬಿಡುತ್ತಾ ಬಂದರು. ನಗು ತಡೆಯಲಾಗುತ್ತಿಲ್ಲ. "ಹನ್ನೊಂದು ಜನ ಹನ್ನೆರಡಕ್ಕೆ ಹೋಗಿ ನಿಂತಿದ್ದಾರ್ರೀ. ಒಬ್ರೂ ಎರಡಕ್ಕೆ ಹೋಗಿಲ್ಲ! ಬಸ್ಸೇ ಇಲ್ಲ ಅಲ್ಲಿ, ಮೊದ್ಲು ಅವರನ್ನ ವಾಪಸ್ ಕರೀರಿ!"

ಕರೆದೆ. ಕ್ಷಮೆಯನ್ನೂ ಕೇಳಿದೆ, ಮಾತಿನ ಹೊಟ್ಟೆಯಲ್ಲಿ. ತಲೆಯಾಡಿಸುವವರು ಮೊದಲ ಬಾರಿಗೆ ಬಾಯಿ ಬಿಟ್ಟರು: "ಭೇಷ್."

ಮನೆಗೆ ಬಂದು ಹೇಳಿದರೆ ಅತ್ತೆಗೆ ಒಂದೇ ಹೆಮ್ಮೆ. "ಊಟ ಆದ್ಮೇಲೆ ಹೋಗು ಅಂದಿದ್ದೆ ತಾನೆ?" ಇವರು ಪೇಪರಿನ ತುಂಡನ್ನು ಮಡಚಿ, ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟರು.

ಮಾರ್ಚ್ 27

ಕಾಗದ ಬಂದಿಲ್ಲ. ಭೇಷ್ ಅಂದವರು ಮರೆತರೇ?

ಏಪ್ರಿಲ್ 1, ಬೆಳಿಗ್ಗೆ

ಇನ್ನು ಒಂದೇ ದಿನ. ಪೋಸ್ಟ್‌ಮ್ಯಾನ್ ನಮ್ಮ ಗೇಟು ದಾಟಿ ಮುಂದೆ ಹೋದ. ಅವನ ಬೆನ್ನು ನೋಡುತ್ತಾ ನಿಂತೆ. ಆಮೇಲೆ ತಿರುಗಿ ಬಂದ! "ನಿಮ್ದೊಂದಿತ್ತು, ಚೀಲದ ತಳಕ್ಕೆ ಹೋಗಿತ್ತು."

ನೇಮಕಾತಿ ಆದೇಶ. ನನ್ನ ಹೆಸರು. ಒಂದಕ್ಷರವೂ ತಪ್ಪಿಲ್ಲ.

ಎಲ್ಲರಿಗೂ ಕೇಳಿಸುವಂತೆ ಓದಿದೆ. ಕೊನೆಯ ಸಾಲಿಗೆ ಬರುವಾಗ ಕಾಗದವನ್ನು ಇವರ ಕೈಗೆ ಕೊಟ್ಟೆ, ಉಳಿದಿದ್ದನ್ನು ಇವರೇ ಓದಿದರು. ಅತ್ತೆ, "ಇನ್ನೊಂದ್ಸಲ ಓದು" ಅಂದರು. ಕೇಳಿಸಲಿಲ್ಲವೇ ಅಂದೆ. "ಕೇಳಿಸ್ತು. ಇನ್ನೊಂದ್ಸಲ ಓದು."

ಏಪ್ರಿಲ್ 8, ಬೆಳಿಗ್ಗೆ 10.20, ಅನೌನ್ಸರ್ ಕೋಣೆ

ಮೊದಲ ದಿನ. ಕೆಳಗಿನದೆಲ್ಲ ಕಾಣುವ ದೊಡ್ಡ ಗಾಜು. ಕುರ್ಚಿ ತಿರುಗುತ್ತದೆ. ಯಾರೂ ಇಲ್ಲದಾಗ ಎರಡು ಸುತ್ತು ತಿರುಗಿದೆ.

ಈಗಷ್ಟೇ ನಾಲ್ಕನೆಯ ಅನೌನ್ಸ್‌ಮೆಂಟ್ ಹೇಳಿ ಮುಗಿಸಿದೆ. ಮಗು ಎತ್ತಿಕೊಂಡ ಒಬ್ಬಳು ತಪ್ಪು ಕಡೆ ಹೊರಟಿದ್ದಳು. ಸ್ಪೀಕರಿನತ್ತ ತಲೆ ಎತ್ತಿದಳು, ನಿಂತಳು, ತಿರುಗಿ ಸರಿಯಾದ ಬಸ್ಸಿಗೆ ಹೋದಳು. ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡಿದ್ದೇನೆ. ಪಕ್ಕದ ಮಗ್ಗದವಳಿಗೆ ಕೇಳಿಸಿದರೆ ಅದೇ ಹೆಚ್ಚು. ಇವತ್ತು ಕಂಡೇ ಇರದ ಒಬ್ಬಳು ನನ್ನ ಮಾತು ಕೇಳಿ ಮನೆ ಸೇರುತ್ತಾಳೆ. ಎಷ್ಟು ಸಂತೋಷ ಅಂದರೆ, ಇದನ್ನು ಹೇಗೆ ಬರೆಯಬೇಕೋ... ತಡಿ, ಇನ್ನೊಂದು ಬಸ್ಸು ಒಳಗೆ ಬರುತ್ತಿದೆ, ಗುಂಡಿ ಒತ್ತಿ ಒಂದು ಉಸಿ—